ಅಕ್ಕನ ಚುಕ್ಕೆಗೆ ಅಡ್ಡ ಹಾಕಿದ ಬೆಳಕು

ನಮ್ಮಕ್ಕನಿಗೆ ಒಂದು ನಕ್ಷತ್ರ ಸಿಗಬೇಕಿತ್ತು. ಸಿಗದೆ ಹೋದದ್ದು ನನ್ನಿಂದ. ನಾನು ಮಾಡಬೇಕಾಗಿದ್ದದ್ದು ದೊಡ್ಡ ಕೆಲಸವೇನಲ್ಲ. ದ್ರಾಕ್ಷಿ ತೋಟದ ಮೋಟಾರ್ ರೂಮಿನಲ್ಲಿರುವ ಒಂದು ಸ್ವಿಚ್ಚನ್ನು ಒಂದು ಗಂಟೆ ಹೊತ್ತು ಮುಟ್ಟದೆ ಇರಬೇಕಿತ್ತು, ಅಷ್ಟೆ. ಸುಮ್ಮನೆ ಕೂರುವುದು ನನಗೆ ಬಹಳ ಚೆನ್ನಾಗಿ ಬರುವ ವಿದ್ಯೆ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಅವತ್ತೊಂದು ಸಂಜೆ ಅದೂ ಬರಲಿಲ್ಲ.

ನಕ್ಷತ್ರ ಸಿಗುವುದು ಅಂದರೇನು, ಅದೇನು ಸಂತೆಯಲ್ಲಿ ಕಳೆದುಹೋದ ಕರುವೇ ಎಂದು ನೀವು ಕೇಳಬಹುದು. ತಮಿಳುನಾಡಿನ ನಮ್ಮ ಓಡೈಪಟ್ಟಿಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ನಾನು ಓದಿದ್ದು ಏಳನೇ ಕ್ಲಾಸು, ಅದೂ ತಮಿಳಿನಲ್ಲಿ. ಹಾಗಾಗಿ ಅಕ್ಕ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ದೊಡ್ಡ ನಕ್ಷತ್ರಗಳು ಸಾಯುವಾಗ ನಮ್ಮ ಹಾಗೆ ಮೂಲೆಯಲ್ಲಿ ಮಲಗಿ ಸಾಯುವುದಿಲ್ಲ, ಸಿಡಿದು ಸಾಯುತ್ತವೆ. ಆ ಬೆಳಕು ಕೆಲವು ವಾರ ಅದರ ಇಡೀ ಗ್ಯಾಲಕ್ಸಿಗೇ ಸವಾಲು ಹಾಕುವಷ್ಟು ಇರುತ್ತದೆ, ಆಮೇಲೆ ಆರಿಹೋಗುತ್ತದೆ. ಅದಕ್ಕೆ ಸೂಪರ್‌ನೋವಾ ಅನ್ನುತ್ತಾರೆ. ನಮಗೆ ಕಾಣುವುದು ಮಾತ್ರ ಇಷ್ಟೇ: ನಿನ್ನೆ ಇಲ್ಲದ ಕಡೆ ಇವತ್ತು ಒಂದು ಚುಕ್ಕೆ. ಅದನ್ನು ಮೊದಲು ಕಂಡವರು ಜಗತ್ತಿಗೆ ತಿಳಿಸಬೇಕು. ಬೆಟ್ಟದ ಮೇಲೆ ಕೂತ ದೊಡ್ಡ ದೊಡ್ಡ ಯಂತ್ರಗಳು ಇದೇ ಕೆಲಸ ಮಾಡುತ್ತವಂತೆ. ಆದರೂ ದೇಶದೇಶಗಳಲ್ಲಿ ಹಲ್ಲಿನ ಡಾಕ್ಟರು, ಬಸ್ ಡ್ರೈವರು, ಮೇಷ್ಟ್ರು ಹೀಗೆ ಬೇರೆ ಕಸುಬಿನವರು ತಮ್ಮ ತಮ್ಮ ಮಾಳಿಗೆ ಹತ್ತಿ ಆ ಯಂತ್ರಗಳ ಜೊತೆ ಪಂದ್ಯ ಕಟ್ಟುತ್ತಾರಂತೆ. ಕಂಬಂ ಕಣಿವೆಯ ಕಡೆಯಿಂದ ಪಂದ್ಯಕ್ಕೆ ಇಳಿದವಳು ನಮ್ಮಕ್ಕ.

ಅಕ್ಕನಿಗೆ ಚಿನ್ನಮನೂರಿನ ಒಂದು ಬ್ಯಾಂಕಿನಲ್ಲಿ ಕೆಲಸ. ಚೆಕ್ಕಿನ ಮೇಲಿನ ಸಹಿಯನ್ನು ಬ್ಯಾಂಕಿನಲ್ಲಿರುವ ಹಳೆಯ ಸಹಿಯ ಜೊತೆ ಹೋಲಿಸಿ ನೋಡುವುದು ಅವಳ ಕೆಲಸಗಳಲ್ಲಿ ಒಂದು. ಮನೆಗೆ ಬಂದು ಮಾಡುತ್ತಿದ್ದದ್ದೂ ಅದೇ. ಒಂದೊಂದು ಗ್ಯಾಲಕ್ಸಿಯ ಹಳೆಯ ಫೋಟೋ ಒಂದು ಕಡೆ, ಇವತ್ತು ತೆಗೆದದ್ದು ಇನ್ನೊಂದು ಕಡೆ. ಎರಡನ್ನೂ ಕಂಪ್ಯೂಟರಿನಲ್ಲಿ ಪಟಪಟನೆ ಬದಲಾಯಿಸಿ ನೋಡುವುದು. ಇದರಿಂದ ಆಕಾಶಕ್ಕೆ ಏನು ಉಪಕಾರವಾಯಿತೋ, ಬ್ಯಾಂಕಿನ ಗಿರಾಕಿಗಳಿಗೆ ಮಾತ್ರ ಕಷ್ಟವಾಯಿತು. ಹನುಮಂತನಪಟ್ಟಿಯ ಒಬ್ಬ ಹಿರಿಯ ರೈತರ ಚೆಕ್ಕನ್ನು ಅಕ್ಕ ಸಹಿ ಹೊಂದುವುದಿಲ್ಲವೆಂದು ವಾಪಸು ಕಳಿಸಿದಳು. ಅವರು ನಮ್ಮ ಮನೆಗೇ ಬಂದು ಜಗಲಿಯಲ್ಲಿ ಕೂತರು.

“ಏನಮ್ಮಾ, ನಂ ಕೈಯೆಳುತ್ತು ನಂದಲ್ವಾ?”

“ನಿಮ್ದೇ ಮಾಮಾ. ಆದ್ರೆ ಕೊನೇಲಿ ಒಂದು ಚುಕ್ಕೆ ಜಾಸ್ತಿ ಐತೆ. ಮೊದ್ಲು ಇರ್ಲಿಲ್ಲ. ಎಲ್ಲಿಂದ ಬಂತು?”

“ಪೇನಾ ಊರಿದೆ, ಬಂತು.”

ಅಕ್ಕನ ಮುಖದಲ್ಲಿ ನಿಜವಾದ ನಿರಾಸೆ ಕಂಡಿತು.

ಟೆಲಿಸ್ಕೋಪು ಮನೆಗೆ ಬಂದ ದಿನದ ಕತೆಯೇ ಬೇರೆ. ಬಿಳಿ ಬಣ್ಣದ ದಪ್ಪ ಕೊಳವೆ, ನಾಲ್ಕು ಜನ ಸೇರಿ ಮಾಳಿಗೆಗೆ ಏರಿಸಿದರು. ಬೀದಿಯವರೆಲ್ಲ ಅದನ್ನು ಬಿಸಿಲಿನಲ್ಲಿ ನೀರು ಕಾಸುವ ಬಾಯ್ಲರ್ ಎಂದುಕೊಂಡರು. ವಾರದೊಳಗೆ ಮೂರು ಮನೆಯವರು ಬಂದು ಯಾವ ಕಂಪನಿ, ಎಷ್ಟು ಬಕೆಟ್ ನೀರು ಕಾಯುತ್ತದೆ ಎಂದು ವಿಚಾರಿಸಿದರು. ನಮ್ಮ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಪಕ್ಕದ ಮನೆಯಲ್ಲೇ ಇರುವವರು. ಅವರಂತೂ ಒಂದು ಕೊಡ ಹಿಡಿದುಕೊಂಡೇ ಮಾಳಿಗೆ ಹತ್ತಿದರು. ಇದು ನೀರು ಕಾಸುವುದಿಲ್ಲ, ನಕ್ಷತ್ರ ನೋಡುವುದು ಎಂದಾಗ ಕೊಡ ಕೆಳಗಿಟ್ಟು ಹೇಳಿದರು: “ನಕ್ಷತ್ರ ಕಣ್ಗೇ ಕಾಣ್ತದಲ್ಲೇ. ಬಿಸ್ನೀರ್ ತಾನೆ ಇಲ್ದಿರೋದು.”

ಅಕ್ಕನಿಗೆ ಮದುವೆ ಮಾಡಿಸಲು ಅತ್ತೆ ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮವರು ಬೇಸಾಯದ ಜನ. ತಲೆತಲಾಂತರದ ಹಿಂದೆ ಈ ಕಡೆ ಬಂದು ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೆಣ್ಣು ಗಂಡು ಮಾತ್ರ ನಮ್ಮೊಳಗೇ ಹುಡುಕುವುದು. ದಿಂಡಿಗಲ್ ಕಡೆಯ ಒಂದು ಒಳ್ಳೆಯ ಮನೆತನದವರು ಹೆಣ್ಣು ನೋಡಲು ಬಂದ ಸಂಜೆ ಮೂರು ದಿನದಿಂದ ಕವಿದಿದ್ದ ಮೋಡ ಸರಿಯಾಗಿ ಆಗಲೇ ತೆರೆಯಬೇಕೆ? ಅಕ್ಕ ಕಾಫಿ ತಟ್ಟೆಯನ್ನು ಹುಡುಗನ ಅಪ್ಪನ ಕೈಗೇ ಕೊಟ್ಟು ಮಾಳಿಗೆ ಹತ್ತಿಬಿಟ್ಟಳು. “ಮಗು ಮೇಲ್ಯಾಕೆ ಹೋಯ್ತು?” ಎಂದು ಅವರು ಕೇಳಿದರು. “ಬಟ್ಟೆ ಒಣ್ಗಾಕವ್ಳೆ, ಎತ್ಕೊಂಡ್ ಬತ್ತಾಳೆ” ಎಂದರು ಅತ್ತೆ. ಅವರು ಎರಡು ಸಲ ಕಾಫಿ ಕುಡಿದರು, ಬೋಂಡ ಮುಗಿಸಿದರು. ಬಟ್ಟೆ ಇಳಿದು ಬರಲಿಲ್ಲ. ಹೊರಡುವಾಗ ಹುಡುಗನ ತಾಯಿ ಅತ್ತೆಯ ಕೈ ಹಿಡಿದು, ನಿಮ್ಮ ಮನೆಯಲ್ಲಿ ಬಟ್ಟೆ ಬಹಳ ಎಂದು ಹೇಳಿ ಹೋದರು. ಅಕ್ಕ ಮಾತ್ರ ಬಹಳ ಸಂತೋಷದಿಂದ ಇಳಿದು ಬಂದು, “ಎಲ್ರೂ ಎಲ್ಲಿ?” ಎಂದಳು.

ಅತ್ತೆಗೆ ಕಾಡುತ್ತಿದ್ದ ಚಿಂತೆ ಇನ್ನೊಂದಿತ್ತು. ದಿನವೂ ಸಂಜೆ ನಾನು ತೋಟದಿಂದ ಕೂಗಿ, “ಏನಕ್ಕಾ, ಇವತ್ತು ಯಾರಾದ್ರೂ ಸತ್ರಾ?” ಎಂದು ಕೇಳುತ್ತಿದ್ದೆ. ದೀಪ ಹಚ್ಚುವ ಹೊತ್ತಿನಲ್ಲಿ ಇದೆಂಥ ಮಾತು ಎಂದು ಅತ್ತೆ ಬೈಯುತ್ತಿದ್ದರು. ಒಂದು ದಿನ ಯೋಚನೆ ಮಾಡಿ ಅಕ್ಕನನ್ನೇ ಹಿಡಿದು ಕೂರಿಸಿದರು.

“ನಕ್ಷತ್ರ ಸತ್ತದ್ದ ನೋಡುದ್ರೆ ನಮ್ಗೆ ಸೂತ್ಕ ಐತಾ ಇಲ್ವಾ?”

“ಅದು ಸತ್ತು ಕೋಟಿಗಟ್ಲೆ ವರ್ಷ ಆಗಿರ್ತದೆ ಅತ್ತೆ. ಬೆಳಕು ನಡ್ಕೊಂಡು ಬರೋಕೆ ಅಷ್ಟು ಹೊತ್ತು. ಸುದ್ದಿ ನಮ್ಗೆ ಇವತ್ತು ಬತ್ತದೆ.”

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ದೂರದ ನೆಂಟರ ಸಾವಿನ ಸುದ್ದಿ ತಡವಾಗಿ ಬಂದರೆ ಏನು ಮಾಡಬೇಕೆಂದು ನಮ್ಮಲ್ಲಿ ಕಟ್ಟಳೆ ಇದೆ. “ವರ್ಷ ದಾಟಿದ ಸಾವು. ದಿನ ಹಿಡಿಯೋದ್ ಬ್ಯಾಡ, ತಲೆಗೆ ನೀರು ಹುಯ್ಕೊಂಡ್ರೆ ಸಾಕು” ಎಂದು ತೀರ್ಪು ಕೊಟ್ಟರು. ಅಂದಿನಿಂದ ಅಕ್ಕ ವಾರದ ನಡುವೆ ತಲೆಗೆ ಸ್ನಾನ ಮಾಡಿ ಬ್ಯಾಂಕಿಗೆ ಹೊರಟರೆ ಬೀದಿಯ ಹೆಂಗಸರು, “ಮೇಲೆ ಯಾರೋ ಹೋದಂಗೈತೆ” ಎಂದು ಮಾತಾಡಿಕೊಳ್ಳುತ್ತಿದ್ದರು.

ಹಾಗೆಂದು ಅಕ್ಕನಿಗೆ ನಕ್ಷತ್ರ ಸಿಕ್ಕೇ ಇರಲಿಲ್ಲ ಎಂದಲ್ಲ. ಒಂದು ಸಲ ಸಿಕ್ಕಿತ್ತು. ಮಾಳಿಗೆಯಿಂದ ಅವಳು ಕೂಗಿದ ರೀತಿಗೆ ನಾನು ಚೇಳು ಕಡಿಯಿತೆಂದು ಚಪ್ಪಲಿ ಹಿಡಿದು ಓಡಿದೆ. ಹೊಸ ಚುಕ್ಕೆ! ಅತ್ತೆಯಿಂದ ಸಿಹಿ ಪೊಂಗಲ್ ಮಾಡಿಸಿ ಬೀದಿಗೆಲ್ಲ ಹಂಚಿದಳು. ಮಾರನೆಯ ಸಂಜೆ ನೋಡಿದರೆ ಚುಕ್ಕೆ ಇದ್ದ ಜಾಗದಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ಅದು ನಕ್ಷತ್ರವಲ್ಲವಂತೆ, ಸೂರ್ಯನ ಸುತ್ತ ಅಲೆಯುವ ಒಂದು ಬಂಡೆಯಂತೆ.

“ಓಡೋಯ್ತಾ? ಯಾರ್ ಜೊತೆಗೆ?” ಎಂದರು ಅತ್ತೆ.

“ಒಂಟಿಯಾಗೇ ಅತ್ತೆ.”

“ಅಂಗಾದ್ರೆ ತಿರ್ಗ ಬತ್ತದೆ ಬುಡು.”

ಬೀದಿಯವರು ನಗುವುದು ನಿಲ್ಲಲು ಬಹಳ ದಿನ ಬೇಕಾಯಿತು. ಅಂದಿನಿಂದ ಅಕ್ಕ ಒಂದು ನಿಯಮ ಹಾಕಿಕೊಂಡಳು. ಎರಡು ಸಂಜೆ ಒಂದೇ ಜಾಗದಲ್ಲಿ ಕಾಣದ ಚುಕ್ಕೆಯ ಸುದ್ದಿ ಯಾರಿಗೂ ಹೇಳುವುದಿಲ್ಲ. ಪೊಂಗಲ್ ಮಾಡಿಸುವುದಂತೂ ಇಲ್ಲವೇ ಇಲ್ಲ. ಈ ನಿಯಮವನ್ನು ದಯವಿಟ್ಟು ನೆನಪಿಡಿ. ನನ್ನ ತಪ್ಪು ಕೂತಿರುವುದು ಆ ಎರಡನೆಯ ಸಂಜೆಯಲ್ಲಿ.

ನಮ್ಮ ಮನೆ ಊರಿನ ಪಡುವಣ ಅಂಚಿನಲ್ಲಿದೆ. ಮನೆಯ ಹಿಂದೆಯೇ ನನ್ನ ದ್ರಾಕ್ಷಿ ಚಪ್ಪರ, ಅದರಾಚೆ ಗದ್ದೆ, ಅದರಾಚೆ ದೂರದಲ್ಲಿ ಕೇರಳದ ಬೆಟ್ಟಗಳ ಸಾಲು. ಅಪ್ಪ ತೀರಿಕೊಂಡ ವರ್ಷ ತೋಟಕ್ಕೆ ಒಬ್ಬರು ಬೇಕಾಗಿತ್ತು. ಅಕ್ಕ ಕಾಲೇಜಿಗೆ ಹೋದಳು, ನಾನು ಚಪ್ಪರದ ಕೆಳಗೆ ಹೋದೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಈ ಕನ್ನಡ ಅಕ್ಷರಗಳನ್ನು ನನಗೆ ಕಲಿಸಿದ್ದು ಅಕ್ಕನೇ, ಮೋಡ ಕವಿದು ಅವಳಿಗೆ ಕೆಲಸವಿಲ್ಲದ ಸಂಜೆಗಳಲ್ಲಿ. ಒಂದು ವರ್ಷ ಗಾಳಿಕಾಲದಲ್ಲಿ ಮೋಡ ಹೆಚ್ಚಾಗಿದ್ದರಿಂದ ನಾನು ಒತ್ತಕ್ಷರದವರೆಗೂ ಬಂದೆ.

ಹಣ್ಣು ಮಾಗಿದಾಗ ನಮಗೆ ಬಾವಲಿ ಕಾಟ. ಕಾಲುವೆ ಕಡೆಯ ದೊಡ್ಡ ಮರದಿಂದ ಕತ್ತಲಾಗುತ್ತಿದ್ದಂತೆ ಏಳುತ್ತವೆ. ಒಂದು ಗೊನೆಯಲ್ಲಿ ನಾಲ್ಕು ಹಣ್ಣು ಕಚ್ಚಿದರೂ ಆ ಗೊನೆ ಮುಗಿಯಿತು. ಅದಕ್ಕೆ ಚಪ್ಪರದ ನಾಲ್ಕು ಮೂಲೆಗೂ ಫೋಕಸ್ ಲೈಟ್ ಕಟ್ಟಿದ್ದೇನೆ. ಲೈಟ್ ಹಾಕಿದರೆ ಬಾವಲಿ ಬರುವುದಿಲ್ಲ, ಆದರೆ ಅಕ್ಕನಿಗೆ ಪಡುವಣ ಆಕಾಶವೂ ಕಾಣುವುದಿಲ್ಲ. ಹಾಗಾಗಿ ನಮ್ಮಿಬ್ಬರಲ್ಲಿ ಒಂದು ಏರ್ಪಾಡಿತ್ತು. ಕತ್ತಲಾದ ಕೂಡಲೇ ಅಕ್ಕ ಆ ಕಡೆಯ ಗ್ಯಾಲಕ್ಸಿಗಳನ್ನು ಮುಗಿಸಿಬಿಡುತ್ತಿದ್ದಳು. ಅಷ್ಟು ಹೊತ್ತು ನಾನು ತಗಡು ಬಡಿಯುತ್ತ ಚಪ್ಪರದ ಕೆಳಗೆ ಓಡಾಡುತ್ತಿದ್ದೆ. ಅವಳದು ಮುಗಿದ ಮೇಲೆ ಮಾಳಿಗೆಯಿಂದ ಕೂಗು ಬರುತ್ತಿತ್ತು: “ತಂಬೀ, ಹಾಕ್ಕೊ.” ನಾನು ಸ್ವಿಚ್ ಹಾಕುತ್ತಿದ್ದೆ. ತೋಟವೆಲ್ಲ ಹಗಲಾಗುತ್ತಿತ್ತು.

ಆ ವರ್ಷ ಬಾವಲಿ ತಗಡಿಗೆ ಹೆದರಲಿಲ್ಲ. ಹಣ್ಣು ನೋಡಲು ಬಂದ ವ್ಯಾಪಾರಿ ಕಚ್ಚಿದ ಗೊನೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, ಲೈಟ್ ಇಟ್ಟುಕೊಂಡೂ ಕತ್ತಲಾದ ಕೂಡಲೇ ಏಕೆ ಹಾಕುವುದಿಲ್ಲ ಎಂದು ಕೇಳಿದ. ಕಾರಣ ಹೇಳಿದೆ. ಅವನು ತಮಿಳಿನಲ್ಲಿ ಬಿದ್ದು ಬಿದ್ದು ನಕ್ಕ. “ಹಾಗಾದರೆ ಅಕ್ಕನ ನಕ್ಷತ್ರಗಳನ್ನೇ ಪೆಟ್ಟಿಗೆಗೆ ತುಂಬಿಕೊಡು, ಮಾರಿಕೊಡುತ್ತೇನೆ” ಎಂದ. ನಾಳೆ ಬೆಳಗ್ಗೆ ಇನ್ನೊಮ್ಮೆ ಬಂದು ನೋಡುವುದಾಗಿಯೂ, ಇವತ್ತೂ ಬಾವಲಿ ಕಚ್ಚಿದ್ದರೆ ಬೇರೆ ತೋಟಕ್ಕೆ ಹೋಗುವುದಾಗಿಯೂ ಹೇಳಿ ಹೋದ.

ಅದರ ಹಿಂದಿನ ದಿನವೇ ಅಕ್ಕ ನನ್ನ ಹತ್ತಿರ ಬಂದಿದ್ದಳು. ಮೀನರಾಶಿಯ ಕಡೆ ಒಂದು ಗ್ಯಾಲಕ್ಸಿ. ಅಕ್ಕ ಅದಕ್ಕೆ ಮುರುಕು, ಅಂದರೆ ನಿಮ್ಮ ಚಕ್ಕುಲಿ, ಎಂದು ಹೆಸರಿಟ್ಟಿದ್ದಳು, ಸುತ್ತಿಕೊಂಡಿರುವುದರಿಂದ. ಅದು ಆಗ ದಿನದಿನಕ್ಕೆ ಪಡುವಣಕ್ಕೆ ಇಳಿಯುತ್ತಿತ್ತು. ಸಂಜೆ ತೆಗೆದ ಫೋಟೋವನ್ನು ಊಟವಾದ ಮೇಲೆ ಹೋಲಿಸಿ ನೋಡಿದರೆ ಮುರುಕಿನ ಅಂಚಿನಲ್ಲಿ ಒಂದು ಚುಕ್ಕೆ. ಅಷ್ಟರಲ್ಲಿ ಮುರುಕು ಬೆಟ್ಟದ ಹಿಂದೆ ಹೋಗಿತ್ತು.

“ತಂಬಿ, ನಾಳೆ ಒಂದು ಸಾಯಂಕಾಲ. ಕತ್ಲಾದ್ಮೇಲೆ ಒಂದು ಗಂಟೆ. ಲೈಟ್ ಬ್ಯಾಡ ಕಣಪ್ಪ.”

ಅವಳು ಕೂಗಿರಲಿಲ್ಲ. ದನಿ ತಗ್ಗಿಸಿ, ಮಲಗಿದ ಮಗುವಿನ ಪಕ್ಕ ಮಾತಾಡುವ ಹಾಗೆ ಹೇಳಿದಳು. ನಾನು ಸೆರಿ ಎಂದೆ.

ಮಾರನೆಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಬಾವಲಿಗಳೂ ಎದ್ದವು. ನಾನು ತಗಡು ಹಿಡಿದು ನಿಂತಿದ್ದೆ. ವ್ಯಾಪಾರಿಯ ನಗು ಕಿವಿಯಲ್ಲಿತ್ತು. ಅದೊಂದೇ ಆಗಿದ್ದರೆ ಈ ಬರಹ ಬೇಕಾಗಿರಲಿಲ್ಲ. ಅದರ ಕೆಳಗೆ ಇನ್ನೊಂದಿತ್ತು. ಇಷ್ಟು ವರ್ಷ ನಾನು ಅವಳ ಆಕಾಶಕ್ಕೆ ಕಾದಿದ್ದೇನೆ, ಒಂದು ದಿನ ಆಕಾಶ ನನ್ನ ಚಪ್ಪರಕ್ಕೆ ಕಾಯಲಿ ಅನ್ನಿಸಿತು. ಮೋಟಾರ್ ರೂಮಿಗೆ ಹೋಗಿ ಸ್ವಿಚ್ ಹಾಕಿ ಅಲ್ಲೇ ಕೂತೆ.

ಜೇಬಿನಲ್ಲಿ ಫೋನು ಅದುರಿತು, ನಿಂತಿತು, ಮತ್ತೆ ಅದುರಿತು. ಮಾಳಿಗೆಯಿಂದ “ತಂಬೀ” ಎಂದು ಕೂಗಿದಳು. ಆಮೇಲೆ ಇಳಿದು ಬೇಲಿಯ ಗೇಟಿನವರೆಗೂ ಬಂದಳು. ಗೇಟಿಗೆ ಒಳಗಿನಿಂದ ಬೀಗ ಹಾಕಿದ್ದೆ. ಕಂಬಿ ಹಿಡಿದು ಅಲ್ಲಾಡಿಸಿದ ಸದ್ದು ಕೇಳಿಸಿತು. “ತಂಬೀ, ಒಳ್ಗಿದ್ದೀಯಾ? ಲೈಟ್ ಉರೀತಾ ಐತೆ, ಬೇಗ ಆರ್ಸು.” ಮೋಟಾರಿನ ಪಕ್ಕ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ನಲವತ್ತು ದಾಟಿದ ಗಂಡಸು, ಕಣ್ಣಾಮುಚ್ಚಾಲೆ ಆಡುವವನ ಹಾಗೆ.

ಅವಳು ಹೋದ ಮೇಲೆ ನನ್ನ ಬುದ್ಧಿ ಬಹಳ ಚುರುಕಾಯಿತು. ಚಪ್ಪರದ ಕೆಳಗಿದ್ದ ಬೈಕಿನ ಹಿಂದಿನ ಚಕ್ರದ ಗಾಳಿ ಬಿಟ್ಟೆ. ಹಿಂದಿನ ದಾರಿಯಿಂದ ಅದನ್ನು ತಳ್ಳಿಕೊಂಡು ಹೊರಟು, ರಸ್ತೆ ಸುತ್ತಿ ಮನೆಯ ಮುಂದೆ ಬಂದು ನಿಂತೆ. ನಿಜವಾಗಿಯೂ ಬೆವರಿದ್ದೆ. ಮಧ್ಯಾಹ್ನ ಕರೆಂಟಿರಲಿಲ್ಲ, ಸ್ವಿಚ್ ಆರಿಸದೆ ಮರೆತು ಚಿನ್ನಮನೂರಿಗೆ ಹೋಗಿಬಿಟ್ಟೆ, ಕರೆಂಟ್ ಬಂದು ತಾನಾಗಿ ಹತ್ತಿಕೊಂಡಿರಬೇಕು, ಬರುವಾಗ ದಾರಿಯಲ್ಲಿ ಪಂಚರ್ ಎಂದು ಕತೆ ಹೇಳಿದೆ. ಅಕ್ಕ ಚಕ್ರವನ್ನು ನೋಡಿದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟಳು.

“ಪಾವಂ, ಅಷ್ಟು ದೂರ ತಳ್ಕೊಂಡೇ ಬಂದ್ಯಾ?”

ಮಾರನೆಯ ದಿನ ಗಾಳಿ ಹಾಕಿಸಲು ಹೋದಾಗ ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಎಷ್ಟು ಮುಳುಗಿಸಿದರೂ ಗುಳ್ಳೆ ಬರಲಿಲ್ಲ. “ಯಾರೋ ಗಾಳಿ ಬಿಟ್ಟಿದ್ದಾರೆ, ನಿಮಗೆ ಆಗದವರು” ಎಂದ. ನಾನು ಹೌದೆಂದೆ.

ಆಮೇಲೆ ಕೇರಳದ ಕಡೆಯಿಂದ ಮೋಡ ಬಂತು, ನಾಲ್ಕು ದಿನ ಹೋಗಲಿಲ್ಲ. ಮೋಡ ಹೋಗುವುದರೊಳಗೆ ಯಾವುದೋ ದೂರದ ದೇಶದಲ್ಲಿ ಒಬ್ಬರು ಅದೇ ಮುರುಕಿನ ಅಂಚಿನಲ್ಲಿ ಅದೇ ಚುಕ್ಕೆ ಕಂಡು ಜಗತ್ತಿಗೆ ತಿಳಿಸಿಯಾಗಿತ್ತು. ಅಕ್ಕ ಕಂಪ್ಯೂಟರನ್ನು ಎತ್ತಿಕೊಂಡು ಬಂದು ನನಗೆ ತೋರಿಸಿದಳು. ಅವಳ ಮುಖ ಬೆಳಗುತ್ತಿತ್ತು. “ನೋಡು ತಂಬಿ, ನಂದು ಸುಳ್ಳಲ್ಲ. ಚುಕ್ಕೆ ಇತ್ತು.” ಅತ್ತೆಯ ಹತ್ತಿರ ಪೊಂಗಲ್ ಮಾಡಿಸಿದಳು. ಸಿಕ್ಕಿದ್ದು ಬೇರೆಯವರಿಗಾದರೆ ಬೆಲ್ಲ ನಮ್ಮದೇಕೆ ಎಂದು ಅತ್ತೆ ಗೊಣಗಿದರು, ಮಾಡಿದರು. ನನ್ನ ಪಾಲನ್ನು ಮನೆಯವಳ ತಟ್ಟೆಗೆ ಸುರಿದು ನಾನು ತೋಟಕ್ಕೆ ಹೋದೆ.

ಅಕ್ಕನಿಗೆ ದಿಂಡಿಗಲ್‌ಗೆ ಪ್ರಮೋಷನ್ ಮೇಲೆ ಹೋಗಲು ಬ್ಯಾಂಕಿನವರು ಎಷ್ಟೋ ವರ್ಷದಿಂದ ಕೇಳುತ್ತಿದ್ದರು. ಮಾಳಿಗೆ ಬಿಟ್ಟು ಬರುವುದಿಲ್ಲ ಎಂದು ಅವಳು ಪ್ರತಿ ಸಲವೂ ಬೇಡವೆನ್ನುತ್ತಿದ್ದಳು. ಆ ವರ್ಷ ಸರಿ ಎಂದಳು. ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ, ಮೆಟ್ಟಿಲು ಹತ್ತಿ ಹತ್ತಿ ಮಂಡಿ ನೋಯುತ್ತದೆ ಎಂದಳು. ನನ್ನನ್ನು ಲೈಟ್ ಆರಿಸಲು ಅವಳು ಮತ್ತೆಂದೂ ಕೇಳಲಿಲ್ಲ. ಹೊರಡುವ ಮುಂಚಿನ ಸಂಜೆಗಳಲ್ಲಿ ನಾನೇ ಆರಿಸಿಟ್ಟು, ಚಪ್ಪರದ ಕೆಳಗೆ ನಿಂತು ಮಾಳಿಗೆ ನೋಡುತ್ತಿದ್ದೆ. ಅವಳು ಮೂಡಣದ ಕಡೆಗೆ ತಿರುಗಿ ಕೂತಿರುತ್ತಿದ್ದಳು.

ಈಗ ಕತ್ತಲಾಗುತ್ತಿದ್ದಂತೆ ಸ್ವಿಚ್ ಹಾಕುತ್ತೇನೆ. ಯಾರಿಗೂ ಕಾಯಬೇಕಾಗಿಲ್ಲ. ಹಣ್ಣು ಚೆನ್ನಾಗಿದೆ, ವ್ಯಾಪಾರಿ ನಗುವುದಿಲ್ಲ. ಆದರೂ ಕೈ ಸ್ವಿಚ್ಚಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇನೆ. ಮಾಳಿಗೆಯಿಂದ ಒಂದು ಮಾತು ಬರಲಿ ಎಂದು. ಮನೆಯವಳು, “ಕರೆಂಟ್ ಇಲ್ವಾ?” ಎಂದು ಕೇಳುತ್ತಾಳೆ. ಇದೆ ಎನ್ನುತ್ತೇನೆ. ಒಂದು ಸಂಜೆ ಅತ್ತೆ ತಮ್ಮ ಜಗಲಿಯಿಂದ, “ಮೇಲೆ ಯಾರಾದ್ರೂ ಸತ್ರಾ ಅಂತ ಈಗ ಕೇಳೋದಿಲ್ವಲ್ಲೋ” ಎಂದರು. ಬೈಯುತ್ತಿದ್ದವರು ಅವರೇ.

ಕಳೆದ ತಿಂಗಳು ಒಂದು ಪೆಟ್ಟಿಗೆ ದ್ರಾಕ್ಷಿ ಹೊತ್ತುಕೊಂಡು ದಿಂಡಿಗಲ್‌ಗೆ ಹೋದೆ. ಅಕ್ಕನ ಮನೆ ಮೂರನೆಯ ಮಾಳಿಗೆಯಲ್ಲಿ. ಮಂಡಿ ನೋವಿಗೆ ಮೆಟ್ಟಿಲು ಬಿಟ್ಟು ಬಂದವಳು ಈಗ ಹತ್ತುವುದು ಮೊದಲಿಗಿಂತ ಹೆಚ್ಚು. ಸುತ್ತ ಅಂಗಡಿಗಳ ಬೆಳಕು, ಬೀದಿ ದೀಪ. ಆಕಾಶ ಎಂದರೆ ಬೂದಿ ಬಣ್ಣದ ಒಂದು ಚೌಕ. ಟೆಲಿಸ್ಕೋಪಿಗೆ ಹಳೆಯ ಸೀರೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಈಗ ದೂರದ ದೇಶದ ದೊಡ್ಡ ಟೆಲಿಸ್ಕೋಪುಗಳು ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾಳಂತೆ. ಮೋಡವಿಲ್ಲ, ಸೊಳ್ಳೆಯಿಲ್ಲ ಎಂದು ಹೊಗಳಿದಳು. ಆಮೇಲೆ ದ್ರಾಕ್ಷಿಯ ಗೊನೆಯೊಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಬಾವ್ಲಿ ಬತ್ತವಾ ಇನ್ನೂ?”

“ಬತ್ತವೆ ಅಕ್ಕಾ.”

“ಬರ್ಲಿ ಬುಡು. ಅವೂ ಕತ್ಲಿಗೆ ಕಾಯೋವೇ.”

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸೊಬ್ಬರು ಬಂದರು. ಅಕ್ಕ ನನ್ನನ್ನು ತೋರಿಸಿ ತಮಿಳಿನಲ್ಲಿ ಪರಿಚಯ ಮಾಡಿಕೊಟ್ಟಳು. ಅವರು ಕಣ್ಣರಳಿಸಿ, “ಗಾಡಿ ತಳ್ಳಿಕೊಂಡು ಬಂದ ತಮ್ಮ ಇವರೇನಾ?” ಎಂದರು. ನನಗೆ ಅರ್ಥವಾಗಲಿಲ್ಲ. ಅಕ್ಕ ನಗುತ್ತ ಎಲ್ಲವನ್ನೂ ಹೊಸದಾಗಿ ಹೇಳತೊಡಗಿದಳು. ತನ್ನ ನಕ್ಷತ್ರ ಕೈತಪ್ಪಿದ ಸಂಜೆ ತಮ್ಮ ಚಿನ್ನಮನೂರಿನಿಂದ ಪಂಚರಾದ ಬೈಕನ್ನು ತಳ್ಳಿಕೊಂಡು ಓಡೋಡಿ ಬಂದದ್ದು, ಬೆವರಿನಲ್ಲಿ ಅಂಗಿ ನೆನೆದು ಹೋಗಿದ್ದದ್ದು. ಬ್ಯಾಂಕಿನಲ್ಲಿ ಎಲ್ಲರಿಗೂ ಇದನ್ನು ಹೇಳಿದ್ದಾಳಂತೆ. “ನಕ್ಷತ್ರ ಹೋದರೆ ಹೋಯಿತು. ಅಕ್ಕನಿಗಾಗಿ ಅಷ್ಟು ದೂರ ನಡೆಯುವ ತಮ್ಮ ಯಾರಿಗೆ ಇದ್ದಾನೆ ಹೇಳಿ?” ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.

ಆ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಅವರು ಹೋಗಲಿ, ಆಮೇಲೆ ಹೇಳೋಣ ಎಂದು ಮನಸ್ಸು ಎಂದಿನಂತೆ ಒಂದು ದಾರಿ ತೋರಿಸಿತು. ಈ ಸಲ ಅದರ ಮಾತು ಕೇಳಲಿಲ್ಲ. ಅಕ್ಕನ ಕೈಯನ್ನು ತಲೆಯಿಂದ ಇಳಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ.

“ಅಕ್ಕಾ, ಅವತ್ತು ಪಂಚರ್ ಆಗಿರ್ಲಿಲ್ಲ. ನಾನು ಎಲ್ಲೂ ಹೋಗಿರ್ಲಿಲ್ಲ, ಮೋಟಾರ್ ರೂಮಲ್ಲೇ ಕೂತಿದ್ದೆ. ನೀನು ಗೇಟ್ ಹಿಡ್ಕೊಂಡು ಕೂಗಿದ್ದು ಕೇಳುಸ್ತು. ಲೈಟ್ ಹಾಕಿದ್ದು ನಾನೇ, ಬೇಕಂತ್ಲೇ ಹಾಕ್ದೆ. ತಪ್ಪಾಯ್ತಕ್ಕಾ, ಮನ್ನಿಸ್ಬುಡು.”